ನಿಘಂಟಿನ ಅರ್ಥವೂ ನಾಲಗೆಯ ಅರ್ಥವೂ

ಮೈಸೂರಿನ ಮನೆಗಳಲ್ಲಿ ಅತಿಥಿಯು ಎದ್ದು ಹೊರಡುವಾಗ “ಬರುತ್ತೇನೆ” ಎನ್ನುವುದು ವಾಡಿಕೆ. ಕನ್ನಡವನ್ನು ನಿಘಂಟಿನಿಂದಲೇ ಕಲಿತ ಅನ್ಯದೇಶೀಯನೊಬ್ಬನು ಆ ಮಾತನ್ನು ಕೇಳಿದರೆ, ಹೋಗುತ್ತಿರುವವನು ಬರುತ್ತೇನೆಂದು ಹೇಳುವುದೇಕೆಂದು ಬೆರಗಾಗುವನು. ಅಡಿಗೆಯ ಕೆಲಸದಲ್ಲಿ ತೊಡಗಿರುವ ಗೃಹಿಣಿಯನ್ನು ಯಾರಾದರೂ ಕರೆದರೆ “ಇದೋ, ಬಂದೆ” ಎಂಬ ಉತ್ತರ ಕೇಳಿಸುವುದು. ಆಕೆಯಾದರೋ ಒಲೆಯ ಮುಂದಿನಿಂದ ಇನ್ನೂ ಕದಲಿರುವುದಿಲ್ಲ. ಬಾಗಿಲಲ್ಲಿ ನಿಂತ ಭಿಕ್ಷುಕನಿಗೆ “ಮುಂದೆ ಹೋಗಪ್ಪ” ಎಂದರೆ ಅವನಿಗೆ ದಾರಿಯನ್ನು ತೋರಿಸಿದಂತಲ್ಲ. ಇಲ್ಲವೆಂಬುದನ್ನು ಇಲ್ಲವೆನ್ನದೆಯೇ ತಿಳಿಸಿದಂತೆ. ಈ ಮೂರು ಮಾತುಗಳಲ್ಲಿ ಕಠಿನವಾದ ಪದ ಒಂದೂ ಇಲ್ಲ. ಬರು, ಹೋಗು, ಮುಂದೆ ಎಂಬಿವು ಮಗುವಿನ ನಾಲಗೆಗೆ ಮೊದಮೊದಲೇ ಒದಗುವ ಪದಗಳು. ಹೀಗಿದ್ದರೂ ನಿಘಂಟಿನ ಅರ್ಥವೊಂದನ್ನೇ ಕೈಯಲ್ಲಿ ಹಿಡಿದುಕೊಂಡು ಇವುಗಳ ಒಳಹೊಗುವುದು ಸಾಧ್ಯವಲ್ಲ. ಪದದ ಅರ್ಥವು ಕೋಶದ ಪುಟದಲ್ಲಿರುವುದೋ, ಆಡುವವನಿಗೂ ಕೇಳುವವನಿಗೂ ನಡುವೆ ಇರುವುದೋ ಎಂಬ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಹುಟ್ಟಿದುದಲ್ಲ. ಕನ್ನಡ ನಿಘಂಟುಗಳ ಗುಣದೋಷಗಳನ್ನು ಪರೀಕ್ಷಿಸುವುದಕ್ಕೆ ಇದೇ ತಕ್ಕ ಒರೆಗಲ್ಲು.

ಭಾರತೀಯ ಆಲಂಕಾರಿಕರು ಈ ವಿಷಯವನ್ನು ಕಾಣದೆ ಇರಲಿಲ್ಲ. ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂಬ ಮೂರು ಶಕ್ತಿಗಳನ್ನು ಅವರು ಹೇಳಿದರು. ದರ್ಭೆಯನ್ನು ಆಯುವವನು ಎಂಬ ಅವಯವಾರ್ಥವುಳ್ಳ ‘ಕುಶಲ’ ಪದವು ನಿಪುಣನೆಂಬ ಅರ್ಥಕ್ಕೆ ಸಂದುದನ್ನು ಅವರು ರೂಢಿಲಕ್ಷಣೆಗೆ ಉದಾಹರಣೆಯಾಗಿ ಎತ್ತಿಕೊಂಡರು. ಕೈಯನ್ನು ಕೊಯ್ಯುವ ಹುಲ್ಲನ್ನು ಗಾಯವಿಲ್ಲದೆ ಆಯ್ದು ತರುವುದಕ್ಕೆ ನೈಪುಣ್ಯ ಬೇಕಷ್ಟೆ. ಮುಖ್ಯಾರ್ಥಕ್ಕೆ ಬಾಧೆಯುಂಟಾದಾಗ ಅದರೊಡನೆ ಸಂಬಂಧವುಳ್ಳ ಮತ್ತೊಂದು ಅರ್ಥವು ರೂಢಿಯಿಂದಲೋ ಪ್ರಯೋಜನದಿಂದಲೋ ತೋರುವುದೆಂಬ ಅವರ ನಿರೂಪಣೆ ಇಂದಿಗೂ ಸಮರ್ಪಕವಾಗಿದೆ. ಆದರೆ ಅವರ ದೃಷ್ಟಿ ಬಹುಮಟ್ಟಿಗೆ ಕಾವ್ಯದ ಮೇಲೂ ಶಾಸ್ತ್ರದ ಮೇಲೂ ನೆಟ್ಟಿದ್ದಿತು. ಸಂತೆಯಲ್ಲಿ, ಅಡಿಗೆಮನೆಯಲ್ಲಿ, ಹೊಲದ ಬದುವಿನ ಮೇಲೆ ನಿತ್ಯವೂ ನಡೆಯುವ ಲಕ್ಷಣೆಯನ್ನು ಸಂಗ್ರಹಿಸುವ ಹೊಣೆಯನ್ನು ಅವರು ಹೊತ್ತುಕೊಳ್ಳಲಿಲ್ಲ. ಅದು ಅವರ ಕಾರ್ಯವೂ ಆಗಿರಲಿಲ್ಲ. ಆ ಹೊಣೆ ನಿಘಂಟುಕಾರನದು.

ಕನ್ನಡದ ನಿಘಂಟುಕಾರರು ಈ ಹೊಣೆಯನ್ನು ಎಷ್ಟರಮಟ್ಟಿಗೆ ಹೊತ್ತರು? ರನ್ನನ ಹೆಸರಿನಲ್ಲಿರುವ ರನ್ನಕಂದ, ನಾಗವರ್ಮನ ಅಭಿಧಾನ ವಸ್ತುಕೋಶ, 1398ರಲ್ಲಿ ರಚಿತವಾದ ಅಭಿನವ ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇವೆಲ್ಲವೂ ಪದ್ಯರೂಪವಾದ ಕೋಶಗಳು. ಕಡೆಯದರ ಹೆಸರೇ ಈ ಪರಂಪರೆಯ ಉದ್ದೇಶವನ್ನು ಸಾರುತ್ತದೆ. ಕಬ್ಬಿಗನಿಗೆ ಪ್ರಾಸಕ್ಕೂ ವರ್ಣನೆಗೂ ಬೇಕಾದ ಪದವನ್ನು ಒದಗಿಸುವುದು, ಹಳೆಯ ಕಾವ್ಯವನ್ನು ಓದುವವನಿಗೆ ಮರೆತ ಪದವನ್ನು ನೆನಪಿಗೆ ತರುವುದು, ಇಷ್ಟೇ ಅವುಗಳ ಗುರಿ. ಎಲ್ಲರೂ ಬಲ್ಲ ಪದಕ್ಕೆ ಅರ್ಥವನ್ನು ಬರೆಯುವುದು ಅನಾವಶ್ಯಕವೆಂದು ಅವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಎಲ್ಲರೂ ಬಲ್ಲ ಪದವೇ ಬಿಡಿಸಲು ಅತ್ಯಂತ ತೊಡಕಾದುದು ಎಂಬ ಅರಿವು ಬಂದುದು ಬಹಳ ಈಚೆಗೆ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಟ ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಹಳಗನ್ನಡ ಗ್ರಂಥಗಳೊಂದಿಗೆ ಅವರು ಗಾದೆಗಳನ್ನೂ ಆಡುಮಾತಿನ ನುಡಿಗಟ್ಟುಗಳನ್ನೂ ಆಧಾರವಾಗಿ ತೆಗೆದುಕೊಂಡರು; ಪದವು ಕೇಳಿಬಂದ ಪ್ರಾಂತ್ಯವನ್ನು ಗುರುತಿನಿಂದ ಸೂಚಿಸುವ ಕ್ರಮವನ್ನೂ ಇಟ್ಟುಕೊಂಡರು. ಪರದೇಶದಿಂದ ಬಂದವರ ಕಿವಿಗೆ ಸ್ವದೇಶದ ಪಂಡಿತರು ಸಾಮಾನ್ಯವೆಂದು ಬಿಟ್ಟ ಮಾತುಗಳು ಸೋಜಿಗವಾಗಿ ಕೇಳಿಸಿದುದು ಕನ್ನಡದ ಭಾಗ್ಯವೆನ್ನಬೇಕು. ಅನಂತರ ಕನ್ನಡ ಸಾಹಿತ್ಯ ಪರಿಷತ್ತು ಕೈಕೊಂಡ ಬೃಹನ್ನಿಘಂಟಿನ ಮೊದಲ ಸಂಪುಟವು 1970ರಲ್ಲಿಯೂ ಎಂಟನೆಯದು 1995ರಲ್ಲಿಯೂ ಹೊರಬಂದವು. ಶಾಸನಗಳಿಂದಲೂ ಗ್ರಂಥಗಳಿಂದಲೂ ಪ್ರಯೋಗಗಳನ್ನು ಆಯ್ದು, ಕಾಲಾನುಕ್ರಮವಾಗಿ ಜೋಡಿಸಿ, ಪದದ ಚರಿತ್ರೆಯನ್ನು ತೋರಿಸಿದ ಈ ಕಾರ್ಯವು ಕನ್ನಡಿಗರ ವಿದ್ವತ್ತಿಗೆ ಕೀರ್ತಿಸ್ತಂಭವಾಗಿ ನಿಂತಿದೆ. ಅದರ ಹಿರಿಮೆಯನ್ನು ಒಪ್ಪಿಕೊಂಡೇ ಅದರ ಕ್ರಮಕ್ಕಿರುವ ಎಲ್ಲೆಯನ್ನು ಹೇಳಬೇಕು. ಬರೆದ ಪ್ರಯೋಗವನ್ನೇ ಸಾಕ್ಷಿಯಾಗಿ ಬೇಡುವ ಕ್ರಮದಲ್ಲಿ, ಬರೆಯದೆ ಬಾಳಿದ ಜನರ ಮಾತು ಸಾಕ್ಷಿಕಟ್ಟೆಯನ್ನು ಹತ್ತುವುದು ಕಷ್ಟ. ಪದವು ಅಲ್ಲಿ ಇರಬಹುದು, ಅರ್ಥವೂ ಇರಬಹುದು, ಆ ಅರ್ಥವನ್ನು ಯಾರು ಯಾರಿಗೆ ಯಾವ ಸಮಯದಲ್ಲಿ ಹೇಳುವರು ಎಂಬುದು ಮಾತ್ರ ಜಾರಿಹೋಗುವುದು.

ಈ ಎಲ್ಲೆಯಿಂದ ಒದಗುವ ನಷ್ಟವೆಂತಹುದೆಂಬುದನ್ನು ಕೆಲವು ಪದಗಳ ನಡೆಯಿಂದಲೇ ನೋಡಬಹುದು. ಮೊದಲು ಸಂಸ್ಕೃತದಿಂದ ಬಂದವುಗಳನ್ನು ತೆಗೆದುಕೊಳ್ಳಬಹುದು. ‘ಅವಸರ’ವೆಂದರೆ ಮೂಲದಲ್ಲಿ ಸಮಯ, ಸಂದರ್ಭ, ಕನ್ನಡದಲ್ಲಿ ಆತುರ, ನೆರೆಯ ತೆಲುಗಿನಲ್ಲಿ ಅಗತ್ಯ. ಸಮಯವು ಒದಗಿದೆ ಎಂಬುದರಿಂದ ಸಮಯವು ಮೀರುತ್ತಿದೆ ಎಂಬಲ್ಲಿಗೆ ಕನ್ನಡವೂ, ಸಮಯಕ್ಕೆ ಬೇಕಾದುದು ಎಂಬಲ್ಲಿಗೆ ತೆಲುಗೂ ನಡೆದಂತೆ ಕಾಣುತ್ತದೆ. ನೈಯಾಯಿಕರ ‘ಅನುಮಾನ’ವು ನಿಶ್ಚಯಜ್ಞಾನಕ್ಕೆ ಸಾಧನ, ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ದಾರಿ ಅದು. ಮೈಸೂರಿನ ಬೀದಿಯಲ್ಲಿಯಾದರೋ ಅನುಮಾನವೆಂದರೆ ಸಂಶಯ. ತಾರ್ಕಿಕನಿಗೆ ನಂಬಿಕೆಯನ್ನು ತಂದುಕೊಟ್ಟ ಪದವೇ ಸಂಸಾರಿಗೆ ನಂಬಿಕೆಯನ್ನು ಕಳೆಯುವ ಪದವಾಯಿತು. ಕಣ್ಣಿಗೆ ಕಾಣದುದನ್ನು ಊಹಿಸುವುದು ಎಂಬಷ್ಟೇ ಎರಡಕ್ಕೂ ಸಮಾನವಾದ ಅಂಶ. ಒಳಭಾಗವೆಂಬ ಅರ್ಥದ ‘ಅಭ್ಯಂತರ’ವು ಆಕ್ಷೇಪಣೆಯಾಯಿತು, ನಡುವಣದು ಎಂಬ ಅರ್ಥದ ‘ಅವಾಂತರ’ವು ಅನಾಹುತವಾಯಿತು, ಅನ್ಯದೇಶದವನಾದ ‘ಪರದೇಶಿ’ಯು ದಿಕ್ಕಿಲ್ಲದವನಾದನು. ಅಡಿಗೆಯೆಂಬ ಅರ್ಥದ ‘ಪಾಕ’ವು ಅಡಿಗೆಮನೆಯನ್ನು ಹೊಕ್ಕಮೇಲೆ ಎಳೆ ಬರುವಂತೆ ಕಾಯಿಸಿದ ಸಕ್ಕರೆಯ ನೀರಾಗಿ, ಕೊನೆಗೆ ‘ಮೈಸೂರು ಪಾಕು’ ಎಂಬ ಭಕ್ಷ್ಯದ ಹೆಸರಿನಲ್ಲಿ ಊರಿನ ಕೀರ್ತಿಗೂ ಅಂಟಿಕೊಂಡಿತು.

ಶುದ್ಧಭಾಷೆಯ ಪಕ್ಷಪಾತಿಗಳು ಇಂತಹವುಗಳನ್ನು ಅಪಪ್ರಯೋಗವೆಂದು ತಿದ್ದಲು ಹೊರಡುವುದುಂಟು. ಅನುಮಾನ ಪದವನ್ನು ಸಂಶಯದ ಅರ್ಥದಲ್ಲಿ ಬಳಸಕೂಡದೆಂದು ಹುಡುಗನ ಬರೆವಣಿಗೆಯ ಮೇಲೆ ಕೆಂಪು ಗೆರೆ ಎಳೆಯುವ ಉಪಾಧ್ಯಾಯನು, ಅದೇ ದಿನ ಸಂಜೆ ತರಕಾರಿಯ ತೂಕದ ವಿಷಯದಲ್ಲಿ ತನಗೆ ಅನುಮಾನವೆಂದು ಅಂಗಡಿಯವನೊಡನೆ ವಾದಿಸಬಹುದು. ಅವನ ವಾದಕ್ಕೆ ಅಂಗಡಿಯವನು ಉತ್ತರ ಕೊಡುವನೇ ಹೊರತು ಪದದ ಅರ್ಥವನ್ನು ಕೇಳುವುದಿಲ್ಲ. ಸಂಸ್ಕೃತದ ಅರ್ಥವು ಸಂಸ್ಕೃತಕ್ಕೆ ಪ್ರಮಾಣ. ಕನ್ನಡದ ಅರ್ಥಕ್ಕೆ ಕನ್ನಡಿಗರ ಒಪ್ಪಿಗೆಯೇ ಪ್ರಮಾಣ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ವಿಸ್ತಾರವುಂಟು. ‘ಪಾಪ’ವು ದುಷ್ಕರ್ಮ; ಆದರೆ ಬಿಸಿಲಿನಲ್ಲಿ ಹೊರೆ ಹೊತ್ತು ನಡೆಯುವ ಮುದುಕಿಯನ್ನು ಕಂಡು “ಪಾಪ” ಎಂದವನು ಆಕೆಯ ಮೇಲೆ ಯಾವ ದೋಷವನ್ನೂ ಹೊರಿಸುವುದಿಲ್ಲ. ಕಷ್ಟವು ಹಿಂದಿನ ಪಾಪದ ಫಲವೆಂಬ ನಂಬಿಕೆಯೇ ಇದಕ್ಕೆ ಮೂಲವಾಗಿದ್ದರೂ ಇರಬಹುದು. ಆಡುವವನ ಮನಸ್ಸಿನಲ್ಲಿ ಆ ನಂಬಿಕೆ ಅಳಿದು ಮರುಕ ಮಾತ್ರ ಉಳಿದಿದೆ. ದೋಷವನ್ನು ಹೇಳುವ ಪದವು ದಯೆಯನ್ನು ಹೇಳತೊಡಗಿತು. ಇದಕ್ಕೆ ತಿರುಗುಮುರುಗಾಗಿ, ‘ಪುಣ್ಯಾತ್ಮ’ ಎಂಬ ಹೊಗಳಿಕೆಯು ಬೈಗುಳದ ಸ್ಥಾನಕ್ಕೆ ಇಳಿಯಿತು. ಹಾಲನ್ನು ಉಕ್ಕಿಸಿದವನಿಗೂ ಬೀಗದ ಕೈಯನ್ನು ಮರೆತು ಬಂದವನಿಗೂ “ಎಂಥ ಕೆಲಸ ಮಾಡಿದೆಯೋ ಪುಣ್ಯಾತ್ಮ” ಎಂಬ ಸಂಬೋಧನೆ ಸಲ್ಲುವುದು. ಕೋಪ ಬಂದಿದೆ, ಆದರೆ ಸಂಬಂಧ ಕಡಿದಿಲ್ಲ ಎಂಬ ಎರಡು ಸಂಗತಿಗಳನ್ನೂ ಆ ಒಂದು ಪದವು ಹೊತ್ತು ನಡೆಯುತ್ತದೆ. ಪುಣ್ಯವಂತನೆಂದು ಮಾತ್ರ ಅರ್ಥ ಬರೆಯುವ ಕೋಶವು ತಪ್ಪನ್ನು ಹೇಳುವುದಿಲ್ಲ. ಆದರೆ ಅದನ್ನು ನಂಬಿದ ಓದುಗನು ಬೈಸಿಕೊಂಡು ವಂದನೆ ಹೇಳಬೇಕಾಗುವುದು.

ಇನ್ನು ಅಚ್ಚಗನ್ನಡ ಕ್ರಿಯಾಪದವೊಂದನ್ನು ನೋಡಬಹುದು. ‘ಹೊಡೆ’ ಎಂದರೆ ಪೆಟ್ಟು ಕೊಡು. ರೈತನು ಕುಂಟೆ ಹೊಡೆಯುವನು, ಗಾಡಿ ಹೊಡೆಯುವನು. ಗೋಡೆಗೆ ಬಣ್ಣ ಹೊಡೆಯುವರು. ಹಳಸಿದ ಸಾರು ವಾಸನೆ ಹೊಡೆಯುವುದು. ಜಗುಲಿಯ ಮೇಲೆ ಹರಟೆ ಹೊಡೆಯುವರು. ಮಧ್ಯಾಹ್ನ ನಿದ್ದೆ ಹೊಡೆಯುವರು. ನಂಬಿದವರ ದುಡ್ಡು ಹೊಡೆಯುವರು. ಪರೀಕ್ಷೆಯಲ್ಲಿ ಪಕ್ಕದವನದನ್ನು ನೋಡಿ ಕಾಪಿ ಹೊಡೆಯುವರು. ಇವನ್ನು ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಪಟ್ಟಿ ಮಾಡುವುದು ಸುಲಭ. ಆದರೆ ಪಟ್ಟಿಯು ವಿವರಣೆಯಲ್ಲ. ನಿದ್ದೆ ಮಾಡಿದನು ಎಂಬುದಕ್ಕೂ ನಿದ್ದೆ ಹೊಡೆದನು ಎಂಬುದಕ್ಕೂ ಇರುವ ಭೇದವೇನು? ಎಷ್ಟು ಹೊತ್ತು ಮಲಗಿದನೆಂಬುದರಲ್ಲಿ ಭೇದವಿಲ್ಲ, ಹೇಳುವವನ ಮನೋಭಾವದಲ್ಲಿದೆ. ಹಿರಿಯರು ಕಾಫಿಯನ್ನು ಕುಡಿಯುವರು, ತೆಗೆದುಕೊಳ್ಳುವರು. ಗೆಳೆಯರು ಕಾಫಿ ಹೊಡೆಯುವರು. ಗುರುವನ್ನು ಕುರಿತು ಕಾಫಿ ಹೊಡೆದರೆಂದು ಹೇಳಿದ ಶಿಷ್ಯನು ಸುಳ್ಳನ್ನು ಹೇಳಿದವನಲ್ಲ, ಮರ್ಯಾದೆಯನ್ನು ಮೀರಿದವನು. ನೇಗಿಲಿಗೂ ಗಾಡಿಗೂ ಸಂಬಂಧಿಸಿದ ಪ್ರಯೋಗಗಳಲ್ಲಿ ಎತ್ತನ್ನು ಹೊಡೆದು ನಡೆಸುವ ಮೂಲಾರ್ಥದ ನೆರಳಿದೆ. ಉಳಿದ ಹಲವುಗಳಲ್ಲಿ ಬಿರುಸು, ಅತಿಶಯ, ಸಂಕೋಚವಿಲ್ಲದಿರುವಿಕೆ ಎಂಬ ಭಾವವು ತಂತುವಿನಂತೆ ಹರಿಯುತ್ತದೆ. ಈ ತಂತುವನ್ನು ತೋರಿಸದ ನಿಘಂಟು ಮಣಿಗಳನ್ನು ಎಣಿಸಿ ದಾರವನ್ನು ಬಿಟ್ಟಂತಾಗುವುದು.

ಇದು ಕೇವಲ ಸೊಗಸಿನ ಮಾತಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಯೊಬ್ಬನು “ಅವನು ದುಡ್ಡು ಹೊಡೆದ” ಎಂದರೆ, ಆ ಮಾತನ್ನು ಬೇರೊಂದು ಭಾಷೆಗೆ ತಿರುಗಿಸುವವನು ಕಳವು, ಸುಲಿಗೆ, ನಂಬಿಕೆದ್ರೋಹ ಎಂಬ ಮೂರು ಅಪರಾಧಗಳ ನಡುವೆ ಒಂದನ್ನು ಆರಿಸಬೇಕಾಗುವುದು. “ಮಳೆ ಕೈಕೊಟ್ಟಿತು” ಎಂದು ರೈತನು ಹೇಳಿದರೆ, ಕೈ ಕೊಡುವುದನ್ನು ನೆರವಾಗುವುದೆಂದು ತಿಳಿದವನು ಬರಗಾಲವನ್ನು ಸುಭಿಕ್ಷವೆಂದು ಬರೆದುಕೊಳ್ಳುವನು. ಅರ್ಥದ ವಿಸ್ತಾರವನ್ನು ಅರಿಯದಿದ್ದರೆ ನಷ್ಟವು ಪಂಡಿತನಿಗಲ್ಲ, ಮಾತನಾಡಿದವನಿಗೆ.

ಅರ್ಥವೇ ಕರಗಿಹೋಗಿ ಕೆಲಸ ಮಾತ್ರ ಉಳಿದ ಪದಗಳೂ ಉಂಟು. “ಸ್ವಲ್ಪ ಬನ್ನಿ” ಎಂದು ಕರೆದರೆ ಯಾರೂ ಅರ್ಧದಾರಿಗೆ ಬಂದು ನಿಲ್ಲುವುದಿಲ್ಲ. “ಸ್ವಲ್ಪ ದಾರಿ ಬಿಡಿ” ಎಂದವನಿಗೆ ಬೇಕಾದುದು ಪೂರ್ಣವಾದ ದಾರಿಯೇ. ಇಲ್ಲಿ ಸ್ವಲ್ಪವೆಂಬುದು ಪರಿಮಾಣವಲ್ಲ, ವಿನಯ. ದಯವಿಟ್ಟು ಎಂಬುದು ಬರೆವಣಿಗೆಗೂ ಸಭೆಗೂ ಸಂದುದು. ಮನೆಯಲ್ಲಿಯೂ ಬೀದಿಯಲ್ಲಿಯೂ ಆ ಸ್ಥಾನವನ್ನು ಬಹುಮಟ್ಟಿಗೆ ತುಂಬುವುದು ಸ್ವಲ್ಪವೇ. ಕೇಳುವವನು ತನ್ನ ಬೇಡಿಕೆಯನ್ನು ಕಿರಿದು ಮಾಡಿ ತೋರಿಸುವುದರಿಂದ ಕೊಡುವವನ ಭಾರವು ಹಗುರವಾಗುವುದು. ‘ಸುಮ್ಮನೆ’ ಎಂಬುದೂ ಹಾಗೆಯೇ. ಮೌನವಾಗಿ ಎಂಬ ಅರ್ಥದಿಂದ ಹೊರಟು, “ಸುಮ್ಮನೆ ಬಂದೆ” ಎಂಬಲ್ಲಿ ಕಾರಣವಿಲ್ಲದೆ, “ಸುಮ್ಮನೆ ಕೊಟ್ಟರು” ಎಂಬಲ್ಲಿ ಬೆಲೆಯಿಲ್ಲದೆ, “ಸುಮ್ಮನೆ ಹೇಳಿದೆ” ಎಂಬಲ್ಲಿ ನಿಜವಿಲ್ಲದೆ ಎಂದು ಅದು ಹರಡಿದೆ. ಮಾತಿಲ್ಲದಿರುವುದು, ಕಾರಣವಿಲ್ಲದಿರುವುದು, ಬೆಲೆಯಿಲ್ಲದಿರುವುದು, ನಿಜವಿಲ್ಲದಿರುವುದು ಎಂಬ ನಾಲ್ಕರಲ್ಲಿಯೂ ಇಲ್ಲದಿರುವಿಕೆಯೊಂದೇ ಸ್ಥಿರ. ಏನು ಇಲ್ಲವೆಂಬುದನ್ನು ಸಂದರ್ಭವು ತುಂಬುತ್ತದೆ. ಅರ್ಥವಿಸ್ತಾರವು ಮನಸ್ಸು ಬಂದಂತೆ ನಡೆಯುವುದಲ್ಲ, ಅದಕ್ಕೂ ನಿಯಮವುಂಟು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಮೊದಲು ಹೇಳಿದ “ಬರುತ್ತೇನೆ” ಎಂಬುದಕ್ಕೆ ಈಗ ಹಿಂತಿರುಗಬಹುದು. ಕನ್ನಡದಲ್ಲಿ ‘ಹೋಗು’ ಎಂಬುದಕ್ಕೆ ಸಾಯು ಎಂಬ ಅರ್ಥವೂ ಸೇರಿಕೊಂಡಿದೆ. “ಅವರು ಹೋಗಿಬಿಟ್ಟರು” ಎಂದರೆ ಪ್ರಯಾಣದ ಸುದ್ದಿಯಲ್ಲ. ಅಶುಭದ ನೆರಳು ಬಿದ್ದ ಪದವನ್ನು ಹೊಸ್ತಿಲಲ್ಲಿ ನಿಂತು ಉಚ್ಚರಿಸಲು ನಾಲಗೆ ಹಿಂಜರಿಯುವುದು. ಆದುದರಿಂದ ಹೊರಡುವವನು ಹೋಗುವುದನ್ನು ಬಿಟ್ಟು ಮುಂದಿನ ಬರುವಿಕೆಯನ್ನೇ ಹೇಳುವನು. ಮುಗಿಯುವುದೆಂಬ ಅರ್ಥದ ‘ತೀರು’ ಎಂಬುದು ತೀರಿಕೊಳ್ಳುವುದಾಗಿ ಮರಣಕ್ಕೆ ಮರೆಯಾದುದೂ, ದೇವರ ಮುಂದಿನ ದೀಪವನ್ನು ಆರಿಸೆನ್ನದೆ ಶಾಂತಮಾಡು ಎನ್ನುವುದೂ ಇದೇ ಕಾರಣದಿಂದ. ಒಂದು ಪದದ ಅರ್ಥವು ಹಿಗ್ಗಿದುದರಿಂದ ಮತ್ತೊಂದು ಪದದ ಅರ್ಥವೂ ಹಿಗ್ಗಬೇಕಾಯಿತೆಂಬುದು ಇಲ್ಲಿ ಗಮನಾರ್ಹ. ಹೋಗು ಎಂಬುದನ್ನು ಒಂದು ಪುಟದಲ್ಲಿಯೂ ಬರು ಎಂಬುದನ್ನು ಮತ್ತೊಂದು ಸಂಪುಟದಲ್ಲಿಯೂ ಇಡುವ ಅಕಾರಾದಿಕ್ರಮಕ್ಕೆ ಈ ಸಂಬಂಧವನ್ನು ತೋರಿಸುವ ಶಕ್ತಿಯಿಲ್ಲ.

ಊರಿನ ಬಾಳು ಬದಲಾದಂತೆ ಪದದ ಬಾಳೂ ಬದಲಾಗುವುದು. ವೀಣೆಗೆ ಹೆಸರಾದ ಮೈಸೂರಿನಲ್ಲಿ ‘ತಂತಿ’ ಎಂದರೆ ಮೊದಲು ನಾದ. ಅಂಚೆ ಮನೆಯ ಮೂಲಕ ದೂರದ ವರ್ತಮಾನವು ಲೋಹದ ತಂತಿಯಲ್ಲಿ ಬರತೊಡಗಿದಮೇಲೆ ಆ ವರ್ತಮಾನಕ್ಕೂ ತಂತಿಯೆಂದೇ ಹೆಸರಾಯಿತು. ಸಾಮಾನ್ಯ ಕುಟುಂಬದವರು ತುರ್ತು ಇಲ್ಲದೆ ತಂತಿ ಕಳುಹಿಸುತ್ತಿರಲಿಲ್ಲವಾದುದರಿಂದ, “ತಂತಿ ಬಂತು” ಎಂಬ ಎರಡು ಪದಗಳು ಕಾಗದವನ್ನು ಒಡೆಯುವ ಮುಂಚೆಯೇ ಮನೆಯಲ್ಲಿ ಅಳುವನ್ನು ಎಬ್ಬಿಸಬಲ್ಲವಾಗಿದ್ದವು. ಭಾರತದಲ್ಲಿ ತಂತಿ ಸೇವೆಯು 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆ ಪದವನ್ನು ಕೇಳಿ ನಡುಗಿದವರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳಿಗೆ ಅದು ಬಟ್ಟೆ ಒಣಗಿಸುವ ಸಾಧನ. ವರ್ತಮಾನವೆಂಬ ಅರ್ಥ ನಿಘಂಟಿನಲ್ಲಿ ಉಳಿಯುವುದು; ನಡುಕವು ಉಳಿಯುವುದಿಲ್ಲ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ‘ಮೊಳ’ವು ಇಂದಿಗೂ ಅಳತೆ. ಕೋಶದಲ್ಲಿ ಅದು ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ. ಸಾಲಿನಲ್ಲಿ ಅದು ಮಾರುವವಳ ಮೊಣಕೈಯ ಉದ್ದ, ಆಕೆ ದಾರವನ್ನು ಬಿಗಿಹಿಡಿದ ರೀತಿ, ಕೊಳ್ಳುವವಳು ಕೇಳಿ ಪಡೆದ ಕೊಸರು ಇವು ಮೂರೂ ಸೇರಿದ ಮೊತ್ತ. ಮೊದಲ ವ್ಯಾಪಾರವೆಂಬ ಅರ್ಥದ ‘ಬೋಣಿ’ಯು ಅದೇ ಸಾಲಿನಿಂದ ಹೊರಟು, ಬೆಳಿಗ್ಗೆಯಿಂದ ಒಂದು ಒಳ್ಳೆಯ ಮಾತೂ ಕಿವಿಗೆ ಬೀಳದವನ ಹಾಸ್ಯಕ್ಕೂ ಒದಗುತ್ತದೆ.

ಇಷ್ಟು ಉದಾಹರಣೆಗಳಲ್ಲಿ ಅತ್ಯಂತ ಭಾರವಾದುದು ‘ಬುದ್ಧಿ’. ಅರಿವು, ವಿವೇಕ, ಉಪದೇಶ ಎಂಬ ಅರ್ಥಗಳು ಎಲ್ಲರಿಗೂ ತಿಳಿದವು. ಮೈಸೂರು, ಚಾಮರಾಜನಗರದ ಸೀಮೆಯಲ್ಲಿ ಅದು ಸಂಬೋಧನೆಯೂ ಆಗಿದೆ. ವೀರಶೈವ ಮಠದ ಸ್ವಾಮಿಗಳನ್ನು ಭಕ್ತರು “ಬುದ್ಧಿ” ಎನ್ನುವರು. ಅಲ್ಲಿ ಅದು ಗುರುವಿನ ಜ್ಞಾನಕ್ಕೆ ಸಲ್ಲಿಸಿದ ಗೌರವ. ಜಮೀನಿನ ಒಡೆಯನನ್ನು ಆಳುಮಗನು ಹೊಲದ ಅಂಚಿನಲ್ಲಿ ನಿಂತು “ಬುದ್ಧಿ” ಎಂದು ಕರೆದಾಗ ಅದರ ಅರ್ಥ ಬೇರೆ. ವಿವೇಕವೆಲ್ಲ ಎದುರಿಗಿರುವವನದು, ತನ್ನಲ್ಲಿರುವುದು ದುಡಿಮೆ ಮಾತ್ರ ಎಂಬ ಒಂದು ವ್ಯವಸ್ಥೆಯೇ ಆ ಎರಡು ಅಕ್ಷರಗಳಲ್ಲಿ ಅಡಗಿದೆ. ಕರೆದವನು ಮನಸ್ಸಿನಲ್ಲಿ ಹಾಗೆಂದು ಒಪ್ಪಿದ್ದನೆಂದು ಭಾವಿಸಬೇಕಾಗಿಲ್ಲ. ಒಪ್ಪದೆಯೂ ಆಡಬೇಕಾಗಿದ್ದಿತೆಂಬುದೇ ಅದರ ಕಟುತನ. “ಗೌರವಸೂಚಕ ಸಂಬೋಧನೆ” ಎಂದು ಕೋಶವು ಅರ್ಥ ಬರೆದರೆ ಮಠದ ಅಂಗಳಕ್ಕೂ ಹೊಲದ ಅಂಚಿಗೂ ಭೇದವೇ ಉಳಿಯುವುದಿಲ್ಲ. ಭಕ್ತಿಯಿಂದ ಹುಟ್ಟಿದ ಗೌರವವೂ ಭಯದಿಂದ ಹುಟ್ಟಿದ ಗೌರವವೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುವುವು. ಯಾರು ಆಡಿದರು, ಯಾರಿಗೆ ಆಡಿದರು, ತಿರುಗಿ ಅವರನ್ನು ಏನೆಂದು ಕರೆದರು ಎಂಬುದನ್ನು ಹೇಳದಿದ್ದರೆ ಈ ಪದಕ್ಕೆ ಅರ್ಥವನ್ನು ಹೇಳಿದಂತೆಯೇ ಆಗಲಿಲ್ಲ.

ಇಂತಹ ಮಾತಿನ ಲೋಕವು ಬಹುಕಾಲ ಗ್ರಂಥದ ಹೊರಗಿದ್ದು, ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ತನ್ನದೇ ದನಿಯಿಂದ ಒಳಗೆ ಬಂದಿತು. ನಂಜನಗೂಡಿನ ಸೀಮೆಯ ಆಡುನುಡಿಯಲ್ಲಿ ನಡೆಯುವ ಆ ಕೃತಿಯನ್ನು ಓದಲು ಕನ್ನಡಿಗರೇ ತಡವರಿಸಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಮೈಸೂರಿನಿಂದ ಕೆಲವು ಹರದಾರಿಗಳ ದೂರದಲ್ಲಿ ನಿತ್ಯವೂ ಆಡುವ ಮಾತು ಮೈಸೂರಿನಲ್ಲಿ ಓದಿದವನಿಗೆ ಅಪರಿಚಿತವಾಗಿ ತೋರಿದುದು ಆ ಮಾತಿನ ಕೊರತೆಯಲ್ಲ. ಅದುವರೆಗೆ ಅದನ್ನು ಕೇಳಿ ಬರೆದಿಟ್ಟುಕೊಳ್ಳದವರ ಕೊರತೆ.

ಈ ಕೊರತೆಯು ಕನ್ನಡಕ್ಕೆ ಮಾತ್ರ ಮೀಸಲಲ್ಲ. ಸ್ಪೇನ್ ದೇಶದಲ್ಲಿ 1713ರಲ್ಲಿ ಸ್ಥಾಪಿತವಾದ ರಾಜಕೀಯ ವಿದ್ವತ್ಸಭೆಯು 1726ರಿಂದ 1739ರವರೆಗೆ ಆರು ಸಂಪುಟಗಳ ಕೋಶವನ್ನು ಪ್ರಕಟಿಸಿತು. ಪ್ರಮಾಣಭೂತರಾದ ಲೇಖಕರ ಪ್ರಯೋಗಗಳನ್ನು ಪ್ರತಿಯೊಂದು ಅರ್ಥಕ್ಕೂ ಸಾಕ್ಷಿಯಾಗಿ ಕೊಡುವುದು ಅದರ ಕ್ರಮವಾಗಿದ್ದಿತು. ಅದೇ ಭಾಷೆಯು ಮೆಕ್ಸಿಕೋ ದೇಶದ ಬೀದಿಯಲ್ಲಿ ಏನಾಯಿತೆಂಬುದಕ್ಕೆ ‘ಅಒರಿತ’ ಎಂಬ ಪದವೊಂದೇ ಸಾಕು. ‘ಅಓರ’ ಎಂದರೆ ಈಗ. ಅದಕ್ಕೆ ಕಿರಿದೆಂಬ ಅರ್ಥದ ಪ್ರತ್ಯಯ ಸೇರಿದಾಗ ಈಗಿಂದೀಗಲೇ ಎಂದಾಗಬೇಕು. ಅಂಗಡಿಯವನು ಆ ಮಾತನ್ನು ಹೇಳಿದರೆ ಮರುಕ್ಷಣವೂ ಆಗಬಹುದು, ಸಂಜೆಯೂ ಆಗಬಹುದು, ಎಂದಿಗೂ ಆಗದೆಯೂ ಇರಬಹುದು. ಒಲೆಯ ಮುಂದಿನಿಂದ ಏಳದ ಮೈಸೂರಿನ ಗೃಹಿಣಿಯ “ಇದೋ, ಬಂದೆ” ಎಂಬುದಕ್ಕೆ ಇದು ದೂರದ ತಂಗಿ. ಎರಡೂ ಕಾಲವನ್ನು ತಿಳಿಸುವ ಮಾತುಗಳಲ್ಲ; ಕರೆದವನ ಮನಸ್ಸನ್ನು ನೋಯಿಸದೆ ಸಮಯವನ್ನು ಪಡೆಯುವ ಮಾತುಗಳು. ಗ್ರಂಥಾಲಯದ ಅಧಿಕಾರಿಣಿಯಾಗಿದ್ದ ಮಾರಿಯಾ ಮೊಲಿನೆರ್ ಎಂಬ ವಿದುಷಿಯು ತನ್ನ ಮನೆಯಲ್ಲಿಯೇ ಕುಳಿತು ಚೀಟಿಗಳ ಮೇಲೆ ಪದಗಳನ್ನು ಸಂಗ್ರಹಿಸಿ, ಬಳಕೆಯ ನಿಘಂಟು ಎಂಬ ಹೆಸರಿನಿಂದಲೇ ಎರಡು ಸಂಪುಟಗಳನ್ನು 1966-67ರಲ್ಲಿ ಹೊರತಂದಳು. ಪದವು ಯಾವ ಪದದೊಡನೆ ಕೂಡುವುದು, ಯಾವಾಗ ಒಪ್ಪುವುದು ಎಂಬುದಕ್ಕೆ ಅಲ್ಲಿ ಸ್ಥಾನ ದೊರೆಯಿತು. 1972ರಲ್ಲಿ ವಿದ್ವತ್ಸಭೆಯು ಆಕೆಯನ್ನು ಸದಸ್ಯಳನ್ನಾಗಿ ಆರಿಸಲಿಲ್ಲ. ಆದರೆ ಆಕೆಯ ಕೋಶವನ್ನು ಜನರು ಬಿಡಲಿಲ್ಲ.

ಕನ್ನಡದಲ್ಲಿಯೂ ಈ ದಾರಿಯಲ್ಲಿ ನಡೆದವರುಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ ಪತ್ರಿಕೆಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನು ತೊಡಗಿ, ಓದುಗರು ಕೇಳಿದ ಪದಗಳಿಗೆ ಉತ್ತರ ಕೊಡುತ್ತ ಬಂದರು. ಅಲ್ಲಿ ಪ್ರಶ್ನೆಯು ಬೀದಿಯಿಂದ ಬಂದಿತು, ಉತ್ತರವು ವಿದ್ವತ್ತಿನಿಂದ ಬಂದಿತು. ಗ್ರಂಥದ ಪ್ರಯೋಗಗಳಲ್ಲಿ ದಶಕಗಳ ಕಾಲ ದುಡಿದ ಕೋಶಕಾರರೇ ಕೊನೆಗೆ ಜನರ ಬಾಯಿಯ ಕಡೆಗೆ ಕಿವಿಗೊಟ್ಟರೆಂಬುದು ಅರ್ಥವತ್ತಾದ ಸಂಗತಿ. 2021ರಲ್ಲಿ, ನೂರು ವರ್ಷಗಳನ್ನು ಮೀರಿ ಬದುಕಿ, ಅವರು ಕಾಲವಾದರು.

ಬಳಕೆಯನ್ನೆಲ್ಲ ಸೇರಿಸಹೊರಟರೆ ಕೋಶಕ್ಕೆ ಮಿತಿಯೇ ಇರದು, ಇಂದಿನ ಹುಡುಗರ ಕ್ಷಣಿಕವಾದ ಮಾತೂ ನಾಳೆ ಪ್ರಮಾಣವಾಗುವುದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಮಿತಿಯನ್ನು ಗೊತ್ತುಮಾಡುವುದಕ್ಕೆ ಬರೆದ ಸಾಕ್ಷಿಯೊಂದೇ ಸಾಧನವಲ್ಲ. ಹಲವರು ಆಡುವರೆ, ಕೇಳಿದವರು ವಿವರಣೆಯಿಲ್ಲದೆ ತಿಳಿಯುವರೆ, ಹೊಸ ಸಂದರ್ಭಗಳಿಗೂ ಅದು ಸಲ್ಲುವುದೆ ಎಂಬ ಮೂರು ಪರೀಕ್ಷೆಗಳಲ್ಲಿ ಉತ್ತೀರ್ಣವಾದ ಅರ್ಥವನ್ನು ಅಪಭ್ರಂಶವೆಂದು ಹೊರಗಿಡುವುದಕ್ಕೆ ಕಾರಣವಿಲ್ಲ. ಸ್ವಲ್ಪ, ಸುಮ್ಮನೆ, ಹೊಡೆ ಎಂಬಿವು ಈ ಮೂರನ್ನೂ ದಾಟಿ ನಿಂತಿವೆ. ಕ್ಷಣಿಕವಾದುದು ಎರಡನೆಯ ಪರೀಕ್ಷೆಯಲ್ಲಿಯೇ ಬಿದ್ದುಹೋಗುವುದು. ಬಳಕೆ ತಪ್ಪಿದ ಅರ್ಥವನ್ನೂ, ತಂತಿಯಂತೆ, ಅದು ಬದುಕಿದ್ದ ಕಾಲದೊಡನೆ ಗುರುತಿಸಿಡಬಹುದು.

ಕಾರ್ಯಕ್ಕೆ ಮೈಸೂರು ತಕ್ಕ ಸ್ಥಳವೇ ಸರಿ. 1916ರಲ್ಲಿ ಹುಟ್ಟಿ, 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಕೊಟ್ಟ ವಿಶ್ವವಿದ್ಯಾನಿಲಯವು ಇಲ್ಲಿದೆ. 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವೂ ಇಲ್ಲಿದೆ. ಧ್ವನಿಯನ್ನು ಹಿಡಿದಿಡುವ ಯಂತ್ರಗಳು ಈಗ ಎಲ್ಲರ ಕೈಯಲ್ಲಿವೆ. ಇಲ್ಲದಿರುವುದು ಸಮಯವೊಂದೇ. ಒಡೆಯನನ್ನು ಬುದ್ಧಿಯೆಂದು ಕರೆಯಬೇಕಾಗಿದ್ದವರ ಮಕ್ಕಳು ಹಾಗೆ ಕರೆಯುವುದನ್ನು ಬಿಡುತ್ತಿದ್ದಾರೆ, ಬಿಡತಕ್ಕದ್ದೇ ನ್ಯಾಯ. ಆದರೆ ಆ ಪದವನ್ನು ಆಡಿದಾಗ ಬೆನ್ನು ಎಷ್ಟು ಬಾಗುತ್ತಿತ್ತು, ದನಿ ಎಷ್ಟು ತಗ್ಗುತ್ತಿತ್ತು ಎಂಬುದನ್ನು ಹೇಳಬಲ್ಲವರು ಮುದುಕರಾಗಿದ್ದಾರೆ. ಅವರು ಹೊರಡುವಾಗ, ಮೈಸೂರಿನ ರೂಢಿಯಂತೆ, “ಬರುತ್ತೇನೆ” ಎಂದೇ ಹೇಳಿ ಹೊರಡುವರು. ಆದರೆ ಅವರೊಡನೆ ಹೋದ ಅರ್ಥವು ತಿರುಗಿ ಬರುವುದಿಲ್ಲ.